ನಮ್ಮನೆ ರವಿವರ್ಮ

ಮನೆಯಲ್ಲಿ ಒಂದು ಹಳೆಯ ಚಿತ್ರಪಟ ಇದ್ದರೆ ಸಾಕು, ತಜ್ಞರನ್ನು ಹುಡುಕಬೇಕಾಗಿಲ್ಲ. ಕಾಫಿ ಹೊತ್ತಿಗೆ ಅವರೇ ಬರುತ್ತಾರೆ. ನಮ್ಮ ಹಜಾರದ ಲಕ್ಷ್ಮಿಯನ್ನು ನೋಡಿದವರದೆಲ್ಲ ಒಂದೇ ಮಾತು: "ಇದು ರವಿವರ್ಮಂದು." ನಮ್ಮ ಭಾವನಂತೂ "ಕೋಟಿ ಬಾಳುತ್ತೆ, ಲಂಡನ್ನಿಗೆ ಕಳಿಸೋಣ" ಎಂದುಬಿಟ್ಟರು. ಅಂದಿನಿಂದ ಲಕ್ಷ್ಮಿ ಮನೆಯಲ್ಲಿದ್ದೂ ನಿದ್ದೆಯಿಲ್ಲ.

ಸೀರೆ ಉಟ್ಟ ಹೆಣ್ಣಿನ ಚಿತ್ರ ಚೆನ್ನಾಗಿದ್ದರೆ ಸಾಕು, ನಮ್ಮ ಜನಕ್ಕೆ ಅದು ರವಿವರ್ಮನದೇ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ದೀಪ ಹಿಡಿದು ನಿಂತ ಹೆಂಗಸಿದ್ದಾಳಲ್ಲ, ಅವಳನ್ನು ಬರೆದವರು ಎಸ್. ಎಲ್. ಹಳದಣಕರ್, ಅದೂ ಜಲವರ್ಣದಲ್ಲಿ, ರವಿವರ್ಮ 1906ರಲ್ಲಿ ತೀರಿಕೊಂಡ ಎಷ್ಟೋ ವರ್ಷಗಳ ಮೇಲೆ. ಆದರೂ ಅವಳ ಮುಂದೆ ನಿಂತವರು ಪಿಸುಗುಟ್ಟುವುದು ಅದೇ ಹೆಸರು.

ಸರಿ, ಬಲ್ಲವರನ್ನೇ ಕೇಳೋಣ ಎಂದು ಹೊರಟೆ. ಫೋಟೋಗೆ ಕಟ್ಟು ಹಾಕುವ ಅಂಗಡಿಯವರು ಮರವನ್ನು ಬೆರಳಿಂದ ತಟ್ಟಿ ನೋಡಿ, "ಒಳ್ಳೇ ತೇಗ ಸಾರ್. ಚಿತ್ರ ನೀವೇ ಇಟ್ಕೊಳ್ಳಿ, ಕಟ್ಟು ಕೊಡ್ತೀರಾ?" ಎಂದರು. ಹರಾಜು ಕಂಪನಿಯೊಂದಕ್ಕೆ ಫೋಟೋ ಕಳಿಸಿದೆ. ಧನ್ಯವಾದ ಹೇಳಿದರು, ಅಷ್ಟೇ.

ಕೊನೆಗೆ ಕಲಾಕೃತಿ ಸಂರಕ್ಷಣೆಯ ಕೆಲಸ ಮಾಡುವ ಮೇಡಂ ಒಬ್ಬರು ಸಿಕ್ಕರು. ನಾನು ಅಜ್ಜಿಯ ಮದುವೆಯಿಂದ ಕಥೆ ಶುರು ಮಾಡಿದೆ. ಅವರು "ತಿರುಗಿಸಿ" ಎಂದರು. ಲಕ್ಷ್ಮಿಯ ಮುಖ ನೋಡುವ ಮೊದಲೇ ಬೆನ್ನು ನೋಡಿದರು: ಜಿರಳೆ ತಿಂದ ರಟ್ಟು, ತುಕ್ಕು ಹಿಡಿದ ಮೊಳೆ, ಅರ್ಧ ಹರಿದ ಅಂಗಡಿ ಚೀಟಿ. ಆಮೇಲೆ ಭೂತಗನ್ನಡಿ ಹಿಡಿದು ಸೆರಗಿನ ಮೇಲೆ ಬಗ್ಗಿದರು. ನನಗೂ ತೋರಿಸಿದರು. ಅಷ್ಟು ದಿನ ಕೆಂಪು ಅಂದುಕೊಂಡಿದ್ದರಲ್ಲಿ ಗುಲಾಬಿ, ಹಳದಿ, ಕಂದು ಚುಕ್ಕಿಗಳ ಜಾತ್ರೆಯೇ ನೆರೆದಿತ್ತು. ಕುಂಚದ ಎಳೆ ಎಲ್ಲೂ ಇಲ್ಲ. ಕ್ಯಾನ್ವಾಸ್ ಎಂದು ನಾವು ಬೀಗುತ್ತಿದ್ದ ನೇಯ್ಗೆ, ಕಾಗದದ ಮೇಲೆ ಒತ್ತಿ ಮೂಡಿಸಿದ್ದು, ಹೊಳಪೆಲ್ಲ ವಾರ್ನಿಷಿನದು. ಕಟ್ಟು ಬಿಚ್ಚಿದಾಗ ಅಂಚಿನಲ್ಲಿ ರವಿವರ್ಮ ಪ್ರೆಸ್ಸಿನ ಹೆಸರೂ ಸಿಕ್ಕಿತು. ಓಲಿಯೋಗ್ರಾಫ್, ಅಂದರೆ ತೈಲಚಿತ್ರದಂತೆ ಕಾಣುವ ಅಚ್ಚು! 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದು, ಬಣ್ಣಕ್ಕೊಂದು ಅಚ್ಚಿನ ಕಲ್ಲು ಮಾಡಿಸಿ, ದೇವರುಗಳನ್ನು ಮನೆಮನೆಗೆ ಹಂಚಿದ ಪುಣ್ಯಾತ್ಮ ರವಿವರ್ಮ. ದೇವರುಗಳೇನೋ ಎಲ್ಲರ ಮನೆ ಸೇರಿದರು, ಪ್ರೆಸ್ಸಿಗೆ ಮಾತ್ರ ಸಾಲ ಬೆಳೆಯಿತು. ಕೊನೆಗೆ ಅದನ್ನು ಫ್ರಿಟ್ಸ್ ಶ್ಲೈಶರ್ ಎಂಬ ಜರ್ಮನ್ ತಂತ್ರಜ್ಞನಿಗೆ ಮಾರಬೇಕಾಯಿತು.

ಅಂದರೆ ಭಾವ ಅರ್ಧ ಸರಿ. ಪೂರ್ತಿ ಸರಿಯಿದ್ದರೂ ಲಂಡನ್ ದೂರವೇ: ರವಿವರ್ಮನ ಮೂಲಕೃತಿಗಳನ್ನು ಸರ್ಕಾರ 1979ರಲ್ಲೇ ಕಲಾನಿಧಿ ಎಂದು ಸಾರಿದೆ, ಮಾರಲೆಂದು ದೇಶದಿಂದ ಹೊರಗೆ ಕಳಿಸುವಂತಿಲ್ಲ.

"ಬೆಲೆ ಎಷ್ಟಾಗಬಹುದು ಮೇಡಂ?" ಎಂದೆ. "ಬೆಲೆ ಹೇಳೋದು ನನ್ನ ಕೆಲಸ ಅಲ್ಲ" ಎಂದರು. ಇಷ್ಟೂ ಜನರಲ್ಲಿ ತಮ್ಮ ಕೆಲಸ ಯಾವುದಲ್ಲ ಎಂದು ಹೇಳಿದ ತಜ್ಞರು ಅವರೊಬ್ಬರೇ. ನನಗೆ ನಂಬಿಕೆ ಬಂದದ್ದೂ ಅಲ್ಲೇ.

ನಿಮ್ಮ ಮನೆಯಲ್ಲೂ ಇಂಥದೊಂದು ಇದ್ದರೆ, ದಯವಿಟ್ಟು ಹಬ್ಬದ ಹಿಂದಿನ ದಿನ ಒದ್ದೆ ಬಟ್ಟೆಯಲ್ಲಿ ಒರೆಸಬೇಡಿ, ಯಾರೋ ಹೇಳಿದರೆಂದು ಆಲೂಗೆಡ್ಡೆಯಲ್ಲಿ ಉಜ್ಜಬೇಡಿ. ಮುಂದಿನದು, ಹಿಂದಿನದು, ಅಂಚಿನದು, ಮೂರೂ ಫೋಟೋ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಇನ್‌ಟ್ಯಾಕ್ ಸಂಸ್ಥೆಯ ಕಲಾ ಸಂರಕ್ಷಣಾ ಕೇಂದ್ರವಿದೆ, ಅಲ್ಲಿ ವಿಚಾರಿಸಿ. ಭಾವನಿಗೆ ಆಮೇಲೆ ಹೇಳಿದರಾಯಿತು.