ಕೀ ತಿರುಗಿಯೂ ಮಿಸುಕದ ಕಾರು

ಕೀ ತಿರುಗಿಸಿದಾಗ ಕಾರು ಮಿಸುಕದಿದ್ದರೆ ಮೊದಲು ಬೈಸಿಕೊಳ್ಳುವುದು ಬ್ಯಾಟರಿ. ಬಾನೆಟ್ ಎತ್ತಿದ ಕೂಡಲೇ ಅಕ್ಕಪಕ್ಕದವರ ಸಲಹಾ ಸಮಿತಿ ಸೇರುತ್ತದೆ. ‘ತಳ್ಳಿ ನೋಡೋಣ’ ಎಂಬುದು ಅದರ ಸರ್ವಾನುಮತದ ನಿರ್ಣಯ. ಮಲ್ಟಿಮೀಟರಿಗೆ ಬಹುಮತದ ಹಂಗಿಲ್ಲ. ನಿಂತ ಕಾರಿನ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಿ, ಟರ್ಮಿನಲ್‌ಗಳು ಬಿಗಿಯಾಗಿದ್ದರೆ ಅನುಮಾನ ಇಗ್ನಿಷನ್ ಸ್ವಿಚ್ಚಿನತ್ತ ಹೊರಳಬಹುದು.

ಕೀ ತೂರುವ ಬೀಗ ಬೇರೆ, ಅದರ ಬೆನ್ನಿಗಿರುವ ವಿದ್ಯುತ್ ಸ್ವಿಚ್ ಬೇರೆ. ಕೀ ತಿರುಗುವುದೇ ಇಲ್ಲವೆಂದರೆ ತಪ್ಪು ಬಹುತೇಕ ಬೀಗದ್ದು ಅಥವಾ ಸ್ಟೀರಿಂಗ್ ಲಾಕಿನದು. ಸ್ಟೀರಿಂಗನ್ನು ಅತ್ತಿತ್ತ ಅಲುಗಿಸಿದರೆ ಎರಡನೆಯದು ಸಡಿಲವಾಗುತ್ತದೆ. ಕೀ ಸ್ವಲ್ಪ ಅಲುಗಿದರೂ ಡ್ಯಾಶ್‌ಬೋರ್ಡಿನ ದೀಪಗಳು ಕಣ್ಣು ಮಿಟುಕಿಸಿದರೆ ಒಳಗಿನ ಕಾಂಟ್ಯಾಕ್ಟ್‌ಗಳು ಸವೆದಿರಬಹುದು. ‘ಸ್ಟಾರ್ಟ್’ ಸ್ಥಾನದಲ್ಲಿ ಸ್ವಿಚ್ಚಿಗೆ 12 ವೋಲ್ಟ್ ಬಂದೂ ಸ್ಟಾರ್ಟರಿನ ತಂತಿಗೆ ದಾಟದಿದ್ದರೆ ಅನುಮಾನವೇ ಬೇಡ: ಸ್ವಿಚ್ಚು ಕೈ ಬಿಸಿಯಾಗದೆ ಫೈಲು ಮುಂದೆ ಸರಿಸದ ಗುಮಾಸ್ತನಂತೆ ಕೂತಿದೆ.

ರಿಪೇರಿ ಎಂದರೆ ಸಾಮಾನ್ಯವಾಗಿ ಬದಲಾವಣೆಯೇ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಬೇಕು. ಏರ್‌ಬ್ಯಾಗ್ ಇದ್ದರೆ ಕೆಲವು ನಿಮಿಷ ಕಾಯಬೇಕು. ಆಮೇಲೆ ಸ್ಟೀರಿಂಗ್ ಕೆಳಗಿನ ಕವಚ, ಕನೆಕ್ಟರ್, ಸ್ಕ್ರೂಗಳು. ಹಳೆಯದನ್ನು ತೆಗೆದ ಕ್ರಮಕ್ಕೆ ತಿರುವುಮುರುವಾಗಿ ಹೊಸದನ್ನು ಕೂರಿಸಿ, ಕವಚ ಮುಚ್ಚುವ ಮೊದಲೇ ಎಲ್ಲ ಸ್ಥಾನಗಳನ್ನೂ ಪರೀಕ್ಷಿಸಬೇಕು. ಕೊನೆಗೆ ಒಂದು ಸ್ಕ್ರೂ ಮಿಕ್ಕರೆ ಅದು ಉಳಿತಾಯವಲ್ಲ.

ಮನೆ, ಬೀರು, ಗೇಟುಗಳ ಕೀಗಳೆಲ್ಲ ನೇತಾಡುವ ಗೊಂಚಲೂ ಬೀಗ-ಸ್ವಿಚ್ಚುಗಳನ್ನು ಸವೆಸುತ್ತದೆ. 2014ರಲ್ಲಿ ಸ್ವಿಚ್ ದೋಷಕ್ಕಾಗಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಸಿದ ಜನರಲ್ ಮೋಟಾರ್ಸ್, ರಿಪೇರಿಯಾಗುವವರೆಗೆ ರಿಂಗಿನಲ್ಲಿ ಕಾರಿನ ಕೀ ಒಂದೇ ಇರಲಿ ಎಂದಿತ್ತು.