ಅಕ್ಕಿ ಹುಳುವಿಗೆ ಒಂದು ಬಹಿರಂಗ ಅಭಿನಂದನಾ ಪತ್ರ

ಗೆ,
ಸನ್ಮಾನ್ಯ ಸೊಂಡಿಲು ಹುಳುಗಳವರು (ದಾಖಲೆಯಲ್ಲಿ ಸೈಟೋಫಿಲಸ್ ಒರೈಜೆ),
ಖಾಯಂ ವಿಳಾಸ: ಅಕ್ಕಿಕಾಳಿನ ಒಳಭಾಗ.

ವಿಷಯ: ಅಕ್ಕಿ ಚೀಲಗಳನ್ನು ತಮ್ಮ ಅನುಕೂಲಕ್ಕೆ ತಕ್ಕಂತೆ ಹೊಲಿಸಿಕೊಟ್ಟಿರುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಮೊದಲು ತಮ್ಮ ಕಾರ್ಯದಕ್ಷತೆಗೆ ಅಭಿನಂದನೆ. ತಮ್ಮ ಕುಲದ ಹೆಣ್ಣು ಕಾಳನ್ನು ಸೊಂಡಿಲಿನಿಂದ ಕೊರೆದು, ಒಂದು ಮೊಟ್ಟೆಯಿಟ್ಟು, ಅಂಟಿನಿಂದ ತೂತು ಮುಚ್ಚಿ ಮುಂದಿನ ಕಾಳಿಗೆ ಹೋಗುತ್ತಾಳೆ. ಹೀಗೆ ಒಬ್ಬಳೇ ಮುನ್ನೂರು ಮೊಟ್ಟೆ ಇಡಬಲ್ಲಳು. ಹವೆ ಬೆಚ್ಚಗೆ, ತೇವವಾಗಿದ್ದರೆ ತಿಂಗಳ ಸುಮಾರಿಗೆ ಮಕ್ಕಳು ಬೆಳೆದು, ಮನೆಯನ್ನೇ ತಿಂದು ಹೊರಬೀಳುತ್ತಾರೆ. ಆಗ ಅಡುಗೆಮನೆಯಲ್ಲಿ "ಮುಚ್ಚಳ ಭದ್ರವಾಗಿತ್ತಲ್ಲ, ಈ ಹುಳ ಎಲ್ಲಿಂದ ಬಂತು?" ಎಂಬ ವಿಚಾರಣೆ ಶುರುವಾಗುತ್ತದೆ. ಎಲ್ಲಿಂದಲೂ ಬಂದದ್ದಲ್ಲ, ಅಂಗಡಿಯಲ್ಲಿ ದುಡ್ಡು ಕೊಟ್ಟು ತೂಗಿಸಿಕೊಂಡು ತಂದದ್ದು.

ಆದರೆ ಈ ಕೀರ್ತಿಯೆಲ್ಲ ತಮ್ಮೊಬ್ಬರದೇ ಎಂದು ಬೀಗುವುದು ಬೇಡ. ಸರ್ಕಾರ, ಗಿರಣಿ, ಅಂಗಡಿ ಎಲ್ಲವೂ ಕೈಜೋಡಿಸಿವೆ.

ಗಂಗಾವತಿ, ಸಿಂಧನೂರಿನ ಕಡೆ ಕಟಾವು ಯಂತ್ರದಿಂದ ಉದುರುವ ಭತ್ತ ಹಸಿಯಾಗಿರುತ್ತದೆ. ರೈತರಿಗೆ ಕಣ ಉಳಿದಿಲ್ಲ, ಡಾಂಬರು ರಸ್ತೆಯೇ ಕಣ. ಅರ್ಧ ಒಣಗುವಷ್ಟರಲ್ಲಿ ಅಕಾಲದ ಮಳೆ ಬಂದರೆ ರಾಶಿಗೆ ತಾಡಪಾಲು ಹೊದಿಸಿ ಕೂರುತ್ತಾರೆ. ಸರ್ಕಾರಿ ಖರೀದಿಯಲ್ಲಿ ಭತ್ತಕ್ಕೆ ಶೇ. 17ರವರೆಗೆ ತೇವಾಂಶದ ರಿಯಾಯಿತಿ ಇದೆ. ಕೂಡಿಡುವ ಭತ್ತದಲ್ಲಿ ತೇವ ಶೇ. 14 ಮೀರಬಾರದೆಂದು ಬಲ್ಲವರು ಹೇಳುತ್ತಾರೆ. ನಡುವಿನ ಮೂರು ತಮಗೆ ಮತ್ತು ತಮ್ಮ ಮಿತ್ರ ಬೂಷ್ಟಿಗೆ ಸಂದ ಗೌರವಧನ. ಕಾಳಿನಲ್ಲಿ ತೇವ ಒಂಬತ್ತು ಹತ್ತಕ್ಕಿಳಿದರೆ ತಮ್ಮ ಸಂಸಾರವೇ ನಡೆಯುವುದಿಲ್ಲವೆಂಬ ಗುಟ್ಟು ಎಲ್ಲರಿಗೂ ಗೊತ್ತಿದ್ದರೂ ಅಷ್ಟು ಒಣಗಿಸುವವರು ಯಾರು? ತೂಕ ಇಳಿದರೆ ನಷ್ಟ ರೈತನಿಗೇ.

ಇನ್ನು ಚೀಲದ ಮಾತು. 1987ರಲ್ಲಿ ಸೆಣಬಿನ ಚೀಲ ಕಡ್ಡಾಯ ಮಾಡುವ ಕಾಯ್ದೆ ಬಂತು. ಅದರ ಉದ್ದೇಶ ಬಂಗಾಳದ ಸೆಣಬು ಬೆಳೆಗಾರರನ್ನೂ ಗಿರಣಿ ಕಾರ್ಮಿಕರನ್ನೂ ಉಳಿಸುವುದು. ಉದ್ದೇಶಕ್ಕೆ ಯಾರ ತಕರಾರೂ ಇಲ್ಲ. ಗೋಣಿಚೀಲಕ್ಕೆ ಅದರದೇ ಗುಣಗಳಿವೆ: ಗಾಳಿಯಾಡುತ್ತದೆ, ಎತ್ತರಕ್ಕೆ ಒಟ್ಟಿದರೂ ಜಾರುವುದಿಲ್ಲ. ಆದರೆ ಗಾಳಿ ಆಡುವ ಸಂದಿಯಲ್ಲಿ ತಾವೂ ಆಡುತ್ತೀರಿ. ಸಾಲದ್ದಕ್ಕೆ ಹಮಾಲಿಗಳ ಕೊಕ್ಕೆ ಪ್ರತಿ ಸಲ ಎತ್ತಿಳಿಸುವಾಗಲೂ ತಮಗೊಂದು ಹೊಸ ಬಾಗಿಲು ತೆಗೆಯುತ್ತದೆ.

ತಮ್ಮ ಮೇಲೆ ಕ್ರಮವೇ ಆಗಿಲ್ಲ ಎನ್ನುವಂತಿಲ್ಲ. ಗೋದಾಮಿನಲ್ಲಿ ಚೀಲಗಳ ಅಟ್ಟಿಗೆ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮರಳು ತುಂಬಿದ ಉದ್ದ ಚೀಲಗಳನ್ನಿಟ್ಟು, ಒಳಗೆ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ ಹಾಕಿ ದಿನಗಟ್ಟಲೆ ಮುಚ್ಚಿಡುತ್ತಾರೆ. ಅದರಿಂದ ಹೊರಡುವ ಫಾಸ್ಫೀನ್ ಅನಿಲ ಮೊಟ್ಟೆಯನ್ನೂ ಬಿಡುವುದಿಲ್ಲ. (ಮನುಷ್ಯರನ್ನೂ ಬಿಡುವುದಿಲ್ಲ, ಆ ಮಾತ್ರೆಯನ್ನು ಮನೆಯ ಅಕ್ಕಿ ಡಬ್ಬಿಗೆ ಹಾಕುವ ಜಾಣರ ಕುರಿತು ಪೊಲೀಸ್ ಠಾಣೆಗೆ ಬೇರೆ ಪತ್ರ ಬರೆಯಬೇಕಾದೀತು.) ಹೊದಿಕೆ ತೆಗೆದ ಮೇಲೆ ಅನಿಲ ಹಾರಿಹೋಗುತ್ತದೆ, ರಕ್ಷಣೆ ಉಳಿಯುವುದಿಲ್ಲ. ಪಕ್ಕದ ಅಟ್ಟಿಯಲ್ಲಿದ್ದ ತಮ್ಮ ದಾಯಾದಿಗಳು ಗೋಣಿಯ ಸಂದಿಯಿಂದ ಗೃಹಪ್ರವೇಶ ಮಾಡುತ್ತಾರೆ. ಅರೆಬರೆ ಹೊಗೆ ಕುಡಿದು ಬದುಕುಳಿದವರು ಆ ಅನಿಲಕ್ಕೇ ಒಗ್ಗಿದ ಸಂತಾನ ಹೆರುತ್ತಾರೆ. ಮೈಸೂರಿನ ಚೆಲುವಾಂಬ ಮ್ಯಾನ್ಷನ್ನಿನಲ್ಲಿ 1950ರಲ್ಲಿ ಆರಂಭವಾದ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐಯ ವಿಜ್ಞಾನಿಗಳು ತಮ್ಮ ಜಾತಕವನ್ನು ವಿವರವಾಗಿಯೇ ಬರೆದಿಟ್ಟಿದ್ದಾರೆ. ಆದರೆ ಚೀಲ ಹೊಲಿಯುವವರು ಜಾತಕ ನೋಡಿ ಹೊಲಿಯುವುದಿಲ್ಲ.

ಅವರು ನೋಡುವುದು ತೆರಿಗೆಯನ್ನು. 2022ರ ಜುಲೈ 18ರಿಂದ, ಮೊದಲೇ ತುಂಬಿ ಲೇಬಲ್ ಹಚ್ಚಿದ 25 ಕಿಲೋವರೆಗಿನ ಅಕ್ಕಿ ಚೀಲಕ್ಕೆ ಶೇ. 5 ಜಿಎಸ್‌ಟಿ ಬಿತ್ತು. ಅದಕ್ಕೂ ದೊಡ್ಡದಕ್ಕೆ ಇಲ್ಲ. ಮಾರುಕಟ್ಟೆಗೆ 26 ಕಿಲೋ ಚೀಲ ಇಳಿಯಿತು! ಮೂರು ಜನರ ಮನೆಯಲ್ಲಿ ಬಿಚ್ಚಿದ ಬಾಯಿಯ ಆ ಚೀಲ ತಿಂಗಳುಗಟ್ಟಲೆ ಮೂಲೆಯಲ್ಲಿ ಕೂತಿರುತ್ತದೆ. ಇಪ್ಪತ್ತಾರನೆಯ ಕಿಲೋ ಯಾರಿಗೆಂದು ಬಿಲ್ಲಿನಲ್ಲಿ ಬರೆದಿಲ್ಲ. ತಮಗೆ ಗೊತ್ತಿದೆ.

ತಮಗೆ ಹಿಡಿಸದ ಒಂದು ಸಂಗತಿಯನ್ನೂ ತಿಳಿಸಬೇಕು. ದಕ್ಷಿಣ ಕನ್ನಡ, ಉಡುಪಿಯವರು ಒಂದು ಕಾಲಕ್ಕೆ ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನ ಹಗ್ಗದಿಂದ ಬಿಗಿದು, ಬಡಿದು ಗುಂಡಗೆ ಮುಡಿ ಕಟ್ಟುತ್ತಿದ್ದರು. ಮುಡಿಗೆ 42 ಸೇರು. ಒಕ್ಕಲು ಗೇಣಿ ಅಳೆದುಕೊಡುತ್ತಿದ್ದದ್ದೂ ಮುಡಿಯಲ್ಲೇ. ತಿಂಗಳುಗಟ್ಟಲೆ ಕೆಡದಂತೆ ಅಕ್ಕಿ ಕಾಯುತ್ತಿದ್ದ ಆ ಮುಡಿ ಈಗ ಸಮಾರಂಭಗಳ ವೇದಿಕೆಯಲ್ಲಿ ಅಲಂಕಾರಕ್ಕೆ ಕೂತಿದೆ. ಕಟ್ಟಬಲ್ಲ ಕೈಗಳು ವಿರಳ. ಮಲೆನಾಡಿನ ಪತ್ತಾಯಗಳಲ್ಲಿ ಇದ್ದದ್ದು ಅಕ್ಕಿಯಲ್ಲ, ಭತ್ತ. ಬಿರುಕಿಲ್ಲದ ಉಮಿಯ ಮುಂದೆ ತಮ್ಮ ಸೊಂಡಿಲಿನ ಆಟ ಹೆಚ್ಚು ನಡೆಯುವುದಿಲ್ಲವೆಂದು ಬಲ್ಲವರು ಬೇಕಾದಷ್ಟನ್ನೇ ಕುಟ್ಟಿಸುತ್ತಿದ್ದರು.

ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರದು ಇನ್ನೂ ಕ್ರೂರ ಉಪಾಯ. ಗಾಳಿ ದಾಟದ ತೆಳು ಪ್ಲಾಸ್ಟಿಕ್ಕಿನ ಸೂಪರ್ ಬ್ಯಾಗನ್ನು ಮಾಮೂಲಿ ಚೀಲದೊಳಗಿಟ್ಟು, ಒಣಗಿದ ಕಾಳು ತುಂಬಿ, ಬಾಯಿ ತಿರುಚಿ ಕಟ್ಟುತ್ತಾರೆ. ವಿಷವಿಲ್ಲ, ಮಾತ್ರೆಯಿಲ್ಲ. ತಾವೇ ಉಸಿರಾಡಿ ಒಳಗಿನ ಆಮ್ಲಜನಕವನ್ನು ಶೇ. 21ರಿಂದ 5ಕ್ಕೆ ಇಳಿಸಿಕೊಂಡು, ಹತ್ತು ದಿನ ಕಳೆಯುವಷ್ಟರಲ್ಲಿ ಕೈಲಾಸ ಸೇರುತ್ತೀರಿ. ಹೊರಗೆ ಗೋಣಿ, ಒಳಗೆ ಈ ಪದರ ಎಂದಾದರೆ ಸೆಣಬಿನವರಿಗೂ ನಷ್ಟವಿಲ್ಲ. ಬಹುಶಃ ಯಾರಿಗೂ ನಷ್ಟವಿಲ್ಲದ್ದರಿಂದಲೇ ಈ ಸಲಹೆಗೆ ಒತ್ತಾಯಿಸುವವರು ಸಿಕ್ಕಿಲ್ಲ.

ಸದ್ಯಕ್ಕೆ ತಾವು ಹೆದರಬೇಕಾದ್ದು ಒಬ್ಬರಿಗೆ: ಬೇಕಾದಷ್ಟೇ ಅಕ್ಕಿಯ ಸಣ್ಣ ಪೊಟ್ಟಣ ತಂದು, ನಾಲ್ಕು ದಿನ ಫ್ರೀಜರಿನಲ್ಲಿಟ್ಟು, ಆಮೇಲೆ ಬಿಗಿ ಡಬ್ಬಿಗೆ ಸುರಿಯುವವರಿಗೆ. ಆ ಚಳಿಗೆ ಕಾಳಿನೊಳಗಿನ ಮೊಟ್ಟೆಯೂ ಉಳಿಯುವುದಿಲ್ಲ. ಆದರೂ ನಿಶ್ಚಿಂತೆಯಿಂದಿರಿ, ತೆರಿಗೆ ಬಿದ್ದಿರುವುದು ಆ ಸಣ್ಣ ಪೊಟ್ಟಣಕ್ಕೇ.

ಇತಿ ತಮ್ಮ ವಿಧೇಯ,
ಒಬ್ಬ ಪಡಿತರ ಚೀಟಿದಾರ