ಮನೆಗೊಬ್ಬ ಸೈ-ಫೈ ಅಭಿಮಾನಿ: ಬಳಕೆ ಮತ್ತು ನಿರ್ವಹಣೆಯ ಕೈಪಿಡಿ (ಲಗ್ಗೆರೆ ಆವೃತ್ತಿ)

ವಿಜ್ಞಾನ ಕಾದಂಬರಿ ಮತ್ತು ಮಾಯಾಲೋಕದ ಕಥೆಗಳ ಅಭಿಮಾನಿಯೊಬ್ಬರು ನಿಮ್ಮ ಮನೆ ಸೇರಿದ್ದಕ್ಕೆ ಅಭಿನಂದನೆಗಳು. ಮಗನಾಗಿ ಬಂದಿರಬಹುದು, ಸೊಸೆಯಾಗಿ ಬಂದಿರಬಹುದು, ಎರಡನೇ ಮಹಡಿಯ ಬಾಡಿಗೆದಾರನಾಗಿ ಬಂದಿರಬಹುದು. ಒಳಗಿನ ಯಂತ್ರ ಒಂದೇ. ಬಳಸುವ ಮೊದಲು ಈ ಕೈಪಿಡಿಯನ್ನು ಪೂರ್ತಿ ಓದಿ. ಓದದೆ, ಊಟಕ್ಕೆ ಕೂತಾಗ "ಏನೋ ಅದು ಅಷ್ಟು ದಪ್ಪ ಪುಸ್ತಕ?" ಎಂದು ಬಾಯಿತಪ್ಪಿ ಕೇಳಿ, ಆಮೇಲೆ ಸಾರು ಆರಿಹೋಯಿತೆಂದು ದೂರಿದರೆ ತಯಾರಕರು ಜವಾಬ್ದಾರರಲ್ಲ.

ಪೆಟ್ಟಿಗೆಯಲ್ಲಿ ಏನೇನಿದೆ

ಅಭಿಮಾನಿ, ಒಬ್ಬರು. ಪುಸ್ತಕ ತುಂಬಿದ ರಟ್ಟಿನ ಡಬ್ಬಗಳು, ಹಲವು. ಗಾಜು ಬಿರುಕು ಬಿಟ್ಟ ಫೋನು. ಪೀಣ್ಯದ ಯಾವುದೋ ಕಾರ್ಖಾನೆಯ ಐಡಿ ಕಾರ್ಡು. ಅದರ ಹಿಂದೆ ಬಸ್ ಟಿಕೆಟ್ಟಿನ ಮೇಲೆ ಬರೆದ, ಓದಬೇಕಾದ ಪುಸ್ತಕಗಳ ಪಟ್ಟಿ. ಡಬ್ಬಗಳ ತಳದಲ್ಲಿ ಹಳೆಯ ಚಂದಮಾಮಗಳಿರುತ್ತವೆ. ಶಂಕರ್ ಬರೆದ ಚಿತ್ರ, ಶವವನ್ನು ಹೆಗಲಿಗೇರಿಸಿಕೊಂಡು ಕತ್ತಿ ಹಿಡಿದು ನಡೆಯುವ ವಿಕ್ರಮರಾಜ, ಆ ಪುಟ ಸಿಕ್ಕರೆ ರದ್ದಿಗೆ ಹಾಕಬೇಡಿ. ಅದು ಯಂತ್ರದ ಮದರ್‌ಬೋರ್ಡು. ಬಾಹ್ಯಾಕಾಶ ನೌಕೆಯೆಲ್ಲ ಆಮೇಲೆ ಜೋಡಿಸಿದ್ದು.

ಅಳವಡಿಸುವ ಜಾಗ

ಅಭಿಮಾನಿಗೆ ಕಿಟಕಿ ಬೇಕು, ಪ್ಲಗ್ ಪಾಯಿಂಟ್ ಬೇಕು, ಮತ್ತು ತನ್ನನ್ನು ಯಾರೂ ಅರ್ಥಮಾಡಿಕೊಳ್ಳುವುದಿಲ್ಲ ಎಂಬ ಭಾವನೆ ಬೇಕು. ಮೂರೂ ಬೆಂಗಳೂರಿನ ಲಗ್ಗೆರೆಯಲ್ಲಿ ಧಾರಾಳ. ಒಂದು ಗೋಡೆಯ ಆಚೆ ಲೇತ್ ತಿರುಗುತ್ತಿರುತ್ತದೆ, ಇನ್ನೊಂದು ಗೋಡೆಯ ಆಚೆ ಪಕ್ಕದ ಮನೆಯ ಧಾರಾವಾಹಿ. ಚೌಡೇಶ್ವರಿನಗರದ ಗಲ್ಲಿಗಳಲ್ಲಿ ಮನೆಗಳು ಎಷ್ಟು ಒತ್ತೊತ್ತಾಗಿವೆಯೆಂದರೆ ನಿಮ್ಮ ಅಭಿಮಾನಿ ಬೆಡ್‌ಲ್ಯಾಂಪ್ ಆರಿಸಿದ್ದು ಎದುರುಮನೆಯವರಿಗೆ ಮೊದಲು ಗೊತ್ತಾಗುತ್ತದೆ.

ಇಂಥ ಜಾಗದಲ್ಲಿ ಕುಳಿತು ಗ್ರಹಾಂತರದ ಕಥೆ ಓದುವುದು ವಿಚಿತ್ರವೆಂದು ನಿಮಗೆ ಅನ್ನಿಸಬಹುದು. ಅನ್ನಿಸಿದರೆ, ಆ ಮಾತನ್ನು ಅಭಿಮಾನಿಯ ಎದುರು ಆಡಬೇಡಿ. ಆಡಿದರೆ ಈ ಕೆಳಗಿನದೆಲ್ಲ ನಿಮ್ಮ ಮೇಲೆ ಒಂದೇ ಉಸಿರಿನಲ್ಲಿ ಸುರಿಯುತ್ತದೆ.

ರಿಂಗ್ ರಸ್ತೆಯಲ್ಲಿ ಗೊರಗುಂಟೆಪಾಳ್ಯದ ಕಡೆ ಹೊರಟರೆ ಮೊದಲು ಕಂಠೀರವ ಸ್ಟುಡಿಯೋ. ಅದನ್ನು ದಾಟಿ ಪೀಣ್ಯಕ್ಕೆ ತಿರುಗಿದರೆ, ನಟ್ಟು ಬೋಲ್ಟು, ಪೌಡರ್ ಕೋಟಿಂಗ್, ಗಾರ್ಮೆಂಟ್ಸ್‌ಗಳ ನಡುವೆ ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರಾಕ್. 2023ರ ಆಗಸ್ಟ್ 23ರ ಸಂಜೆ 6 ಗಂಟೆ 4 ನಿಮಿಷಕ್ಕೆ ಚಂದ್ರಯಾನ-3ರ ವಿಕ್ರಮ್ ಲ್ಯಾಂಡರ್ ಚಂದ್ರನ ದಕ್ಷಿಣ ಧ್ರುವದ ಸಮೀಪ ಇಳಿದಾಗ ಜಗತ್ತೆಲ್ಲ ಟೀವಿಯಲ್ಲಿ ನೋಡಿದ ಆ ಕೋಣೆ ಇರುವುದು ಇಲ್ಲಿ. ಇಳಿಯುವ ಕೊನೆಯ ಹತ್ತೊಂಬತ್ತು ನಿಮಿಷ ಕೋಣೆಯಲ್ಲಿದ್ದವರು ಏನೂ ಮಾಡುವಂತಿರಲಿಲ್ಲ, ನೌಕೆ ತಾನೇ ನೋಡಿ ತಾನೇ ನಿರ್ಧರಿಸುತ್ತಿತ್ತು. ಚಂದ್ರನಿಂದ ಪೀಣ್ಯಕ್ಕೆ ಸಂಕೇತ ಬರಲು ಒಂದೂಕಾಲು ಸೆಕೆಂಡಿನ ಆಚೀಚೆ ಸಾಕು. ಅದೇ ಹೊತ್ತಿಗೆ ಲಗ್ಗೆರೆ ಬ್ರಿಡ್ಜಿನಿಂದ ಪೀಣ್ಯಕ್ಕೆ ಹೊರಟವರು ತಲುಪಿದ್ದು ಯಾವಾಗ ಎಂಬುದನ್ನು ಇಸ್ರೋ ಲೆಕ್ಕ ಇಟ್ಟಿಲ್ಲ.

ಅದಕ್ಕೂ ಹಿಂದಿನ ಅಧ್ಯಾಯ ಇನ್ನೂ ಚೆಂದ. ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ 1972ರಲ್ಲಿ ದೇಶದ ಮೊದಲ ಉಪಗ್ರಹ ಕಟ್ಟಲು ಹೊರಟಾಗ ಸಿಕ್ಕಿದ್ದು ಪೀಣ್ಯದ ನಾಲ್ಕು ಕೈಗಾರಿಕಾ ಶೆಡ್‌ಗಳು. ಅಲ್ಲಿ ತಯಾರಾಯಿತು ಆರ್ಯಭಟ: 26 ಮುಖ, 360 ಕೆ.ಜಿ. ಸೋವಿಯತ್ ರಾಕೆಟ್ ಅದನ್ನು 1975ರ ಏಪ್ರಿಲ್ 19ರಂದು ಮೇಲಕ್ಕೊಯ್ದಿತು. ಬೆಂಗಳೂರಿನಲ್ಲಿ ಅದರ ದತ್ತಾಂಶ ಸ್ವೀಕರಿಸಲು ಜಾಗ ಸಾಲದೆ ಶೌಚಾಲಯವೊಂದನ್ನೇ ಕೇಂದ್ರವಾಗಿ ಮಾರ್ಪಡಿಸಲಾಗಿತ್ತು. ಐದನೇ ದಿನಕ್ಕೆ ವಿದ್ಯುತ್ ದೋಷದಿಂದ ಪ್ರಯೋಗಗಳು ನಿಂತವು. ಉಪಗ್ರಹ ಮಾತ್ರ ಎರಡು ರೂಪಾಯಿ ನೋಟಿನ ಹಿಂಬದಿ ಸೇರಿ ಎಲ್ಲರ ಜೇಬಿಗೂ ಬಂತು. ಇದನ್ನು ಯಾರಾದರೂ ಕಾದಂಬರಿಯಾಗಿ ಬರೆದು ಕಳಿಸಿದ್ದರೆ "ಶೌಚಾಲಯದ ಭಾಗ ನಂಬುವಂತಿಲ್ಲ, ತೆಗೆಯಿರಿ" ಎಂದು ಸಂಪಾದಕರು ವಾಪಸ್ ಕಳಿಸುತ್ತಿದ್ದರು.

ಸುದ್ದಿ ವಿಭಾಗದ ಬಳಕೆ

ಅಭಿಮಾನಿಯಲ್ಲಿ ಎರಡು ಬಟನ್ನುಗಳಿವೆ. ಒಂದು ಸುದ್ದಿ, ಇನ್ನೊಂದು ವಿಮರ್ಶೆ. ಸುದ್ದಿಯ ಬಟನ್ನನ್ನು ನೀವು ಒತ್ತಬೇಕಿಲ್ಲ, ಅದು ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಯಾವ ಸರಣಿಯ ಎಷ್ಟನೇ ಭಾಗ ಬರುತ್ತಿದೆ, ಯಾವ ಲೇಖಕ ಮತ್ತೆ ಮುಂದೂಡಿದ, ಹ್ಯೂಗೋ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿ ಯಾರಿದ್ದಾರೆ. ಈ ಹ್ಯೂಗೋ 1953ರಿಂದ ನಡೆದುಬಂದಿದೆ. ಪಂಡಿತರ ಸಮಿತಿ ಕೊಡುವುದಲ್ಲ, ವಿಶ್ವ ವಿಜ್ಞಾನ ಕಾದಂಬರಿ ಸಮ್ಮೇಳನದ ಸದಸ್ಯರು ಮತ ಹಾಕಿ ಕೊಡುವುದು. ಶುಲ್ಕ ಕಟ್ಟಿದರೆ ಲಗ್ಗೆರೆಯವರೂ ಹಾಕಬಹುದು. ತಿಂಗಳ ಕೊನೆಯಲ್ಲಿ ಅಭಿಮಾನಿ ಸಾಲ ಕೇಳಿದರೆ ಕಾರಣ ಇದಿರಬಹುದು.

ಸುದ್ದಿ ಕೇಳುವಾಗ "ಇದು ನಿಜಾನಾ?" ಎನ್ನಬೇಡಿ. "ಪಿಕ್ಚರ್ ಬಂದಿದೆಯಾ?" ಎಂದಂತೂ ಎನ್ನಲೇಬೇಡಿ. ಎಂದುಬಿಟ್ಟರೆ, 2002ರ 'ಹಾಲಿವುಡ್' ಚಿತ್ರದಲ್ಲಿ ಉಪೇಂದ್ರ ರೋಬೋ ಆಗಿದ್ದನ್ನು ರಜನಿಕಾಂತರ 'ಎಂದಿರನ್' ಬರುವುದಕ್ಕೆ ಎಂಟು ವರ್ಷ ಮೊದಲೇ ಕನ್ನಡಿಗರು ನೋಡಿ ಮರೆತರು ಎಂಬ ಭಾಷಣ ಶುರುವಾಗುತ್ತದೆ. ಅದಕ್ಕೆ ಮ್ಯೂಟ್ ಇಲ್ಲ.

ವಿಮರ್ಶೆ ವಿಭಾಗದ ಬಳಕೆ

ಎಚ್ಚರ. ಹೆಚ್ಚು ವೋಲ್ಟೇಜ್ ಇರುವ ಭಾಗ ಇದು.

"ಕನ್ನಡದಲ್ಲಿ ಸೈ-ಫೈ ಎಲ್ಲಿದೆ ಬಿಡು" ಎಂದು ಮೊದಲು ಒಂದು ಸಲ ಹೇಳಿ ನೋಡಿ. ಯಂತ್ರ ಚಾಲೂ ಆಗುವುದು ಆ ಮಾತಿಗೇ. ಡಬ್ಬಗಳು ಬಿಚ್ಚಿಕೊಳ್ಳುತ್ತವೆ; ಮಂಚದ ಮೇಲೆ ಮೊದಲು ಬೀಳುವುದು ತೇಜಸ್ವಿಯವರ 'ಕರ್ವಾಲೊ', 1980. "ಅದು ನಮಗೆ ಪಠ್ಯ ಇತ್ತಲ್ಲ, ಮಲೆನಾಡಿನ ಕಾದಂಬರಿ ಅಲ್ವಾ?" ಎನ್ನುತ್ತೀರಿ. ಅಭಿಮಾನಿ ನಿಮ್ಮನ್ನು ಮರುಕದಿಂದ ನೋಡುತ್ತಾರೆ. ಕೋಟ್ಯಂತರ ವರ್ಷಗಳ ಕಾಲವನ್ನು ದಾಟಿ ಬಂದ ಒಂದು ಹಾರುವ ಓತಿ, ಅದರ ಬೆನ್ನು ಹತ್ತಿದ ಒಬ್ಬ ವಿಜ್ಞಾನಿ, ಜೇನು ಹುಡುಕುವ ಮಂದಣ್ಣ, ಬಿರಿಯಾನಿ ಕರಿಯಪ್ಪ, ಕಿವಿ ಎಂಬ ನಾಯಿ. ವಿಜ್ಞಾನ ಕಾದಂಬರಿ ಇನ್ನು ಹೇಗಿರಬೇಕು? ಪ್ರಯೋಗಶಾಲೆಯ ಬದಲು ಕಾಡಿದೆ, ರಾಕೆಟ್ಟಿನ ಬದಲು ಜೀಪಿದೆ, ಅಷ್ಟೇ ವ್ಯತ್ಯಾಸ.

ಈ ವಾದ ಅರ್ಧ ಮೊಂಡುತನದ್ದು, ಆದರೆ ಉಳಿದರ್ಧ ಸರಿ. ಕನ್ನಡದಲ್ಲಿ ಈ ಸರಕು ಬರುವುದೇ ಬೇರೆ ಪೊಟ್ಟಣದಲ್ಲಿ. ಎಸ್.ಎಲ್. ಭೈರಪ್ಪನವರ 'ಯಾನ' 2014ರಲ್ಲಿ ಬಂದಾಗ ಜನ ಕೊಂಡದ್ದು ಭೈರಪ್ಪನವರ ಹೊಸ ಕಾದಂಬರಿಯೆಂದು. ಒಳಗೆ ನೋಡಿದರೆ ಸೌರವ್ಯೂಹ ದಾಟಿ ಹೊರಟ ನೌಕೆ, ತಿರುಗಿ ಬರುವ ಮಾತೇ ಇಲ್ಲದ ಪಯಣ, ನೌಕೆಯಲ್ಲೇ ಹುಟ್ಟಿ ಭೂಮಿಯನ್ನೇ ಕಾಣದ ಮಕ್ಕಳು. ಇಂಗ್ಲಿಷಿನಲ್ಲಿ ಇಂಥ ಕಥೆಗಳಿಗೆ ಬೇರೆಯೇ ಒಂದು ಅಲಮಾರು ಮೀಸಲು. ನಮ್ಮಲ್ಲಿ ಅದನ್ನು 'ಪರ್ವ', 'ದಾಟು'ಗಳ ಪಕ್ಕ ಇಟ್ಟು ಸುಮ್ಮನಾದೆವು. ಅಭಿಮಾನಿಯ ತೀರ್ಪು: ನೌಕೆ ಎಷ್ಟೋ ದೂರ ಹೋಗುತ್ತದೆ, ಒಳಗೆ ನಡೆಯುವ ಗಂಡು ಹೆಣ್ಣಿನ, ಧರ್ಮಾಧರ್ಮದ ವಾದ ಮಾತ್ರ ಮೈಸೂರಿನ ಗಡಿ ದಾಟುವುದಿಲ್ಲ. ಆದರೂ ಭೂಮಿ ಎಂದರೆ ಕೇಳಿದ ಕಥೆ ಮಾತ್ರ ಎನ್ನುವ ಮಕ್ಕಳ ಸ್ಥಿತಿಯನ್ನು ಕನ್ನಡದಲ್ಲಿ ಅಷ್ಟು ಗಂಭೀರವಾಗಿ ಯೋಚಿಸಿದವರು ಕಡಿಮೆ. ಭೈರಪ್ಪನವರನ್ನು ದೇವರೆನ್ನುವವರೂ ಶತ್ರುವೆನ್ನುವವರೂ ಈ ಒಂದು ಪುಸ್ತಕದ ಕಕ್ಷೆಯ ಲೆಕ್ಕವನ್ನು ಮುಟ್ಟಿನೋಡಲಿಲ್ಲ ಎಂಬುದು ಅಭಿಮಾನಿಯ ಶಾಶ್ವತ ಕೊರಗು.

ಮನು ಅವರ 'ಮಹಾಸಂಪರ್ಕ' ಇನ್ನೊಂದು ಬಗೆ. ಮಹಾಭಾರತವನ್ನೇ ಅನ್ಯಗ್ರಹದವರ ಸಂಪರ್ಕದ ಕಥೆಯಾಗಿ ಮತ್ತೆ ಕಟ್ಟುವ ಧೈರ್ಯ. ಇದನ್ನು ಕಾದಂಬರಿಯೆಂದು ಓದಿದರೆ ರಾತ್ರಿ ನಿದ್ದೆ ಬರುವುದಿಲ್ಲ, ಅಷ್ಟು ಬಿಗಿ. ಓದಿ ಮುಗಿಸಿದ ಮನೆಯ ಹಿರಿಯರು "ನೋಡಿದ್ಯಾ, ನಮ್ಮವರಿಗೆ ಆಗಲೇ ಎಲ್ಲ ಗೊತ್ತಿತ್ತು" ಎಂದು ವಾಟ್ಸಾಪ್‌ನಲ್ಲಿ ಕಳಿಸತೊಡಗಿದರೆ ಕೂಡಲೇ ಪುಸ್ತಕ ಕಸಿದುಕೊಂಡು ರಾಜಶೇಖರ ಭೂಸನೂರಮಠರ ಕಥೆಗಳನ್ನು ಕೈಗಿಡಿ. ವಿಜ್ಞಾನವನ್ನು ಕಲಿಸುತ್ತಲೇ ಕಥೆ ಬರೆದ ಅವರಲ್ಲಿ ಕೌತುಕವೂ ಇದೆ, ಅನುಮಾನವೂ ಇದೆ.

ಕೆ.ಎನ್. ಗಣೇಶಯ್ಯನವರ ಪುಸ್ತಕ ಎತ್ತಿಕೊಂಡಾಗ ಅಭಿಮಾನಿಗಳಲ್ಲೇ ಒಡಕು ಬರುತ್ತದೆ. ಇಬ್ಬರು ಅಭಿಮಾನಿಗಳನ್ನು ಒಂದೇ ಕೋಣೆಯಲ್ಲಿ ಅಳವಡಿಸಿದವರು ಗಮನಿಸಿ. ಗಣೇಶಯ್ಯ ಕೃಷಿ ವಿಶ್ವವಿದ್ಯಾಲಯದಲ್ಲಿ ವಿಜ್ಞಾನಿಯಾಗಿದ್ದವರು, 'ಕನಕ ಮುಸುಕು', 'ಕರಿಸಿರಿಯಾನ', 'ಚಿತಾದಂತ', 'ಮೂಕಧಾತು' ಎಲ್ಲವನ್ನೂ ಟಿಪ್ಪಣಿ, ಚಿತ್ರ, ಆಧಾರಗಳ ಸಮೇತ ಬರೆದವರು. ಇದು ಥ್ರಿಲ್ಲರೋ, ಇತಿಹಾಸವೋ, ವಿಜ್ಞಾನವೋ? ಒಬ್ಬರು "ಪಾತ್ರಗಳು ಮಾತಾಡಲ್ಲ, ಉಪನ್ಯಾಸ ಕೊಡ್ತವೆ" ಎನ್ನುತ್ತಾರೆ. ಇನ್ನೊಬ್ಬರು "ಆದ್ರೂ ಬೆಳಗಿನ ಜಾವದ ತನಕ ಓದಿದ್ದು ಯಾಕೆ?" ಎನ್ನುತ್ತಾರೆ. ಇಬ್ಬರ ನಡುವೆ ಕೈ ಹಾಕಬೇಡಿ.

ಪಕ್ಕದಲ್ಲೇ ಹುಟ್ಟಿದ ಇಂಗ್ಲಿಷ್ ಪುಸ್ತಕಗಳಿಗೂ ಜಾಗ ಇದೆ. ಲಾವಣ್ಯ ಲಕ್ಷ್ಮೀನಾರಾಯಣ್ ಅವರ 'ದ ಟೆನ್ ಪರ್ಸೆಂಟ್ ಥೀಫ್', ಮೊದಲು 2020ರಲ್ಲಿ ಬೇರೆ ಹೆಸರಿನಲ್ಲಿ ಬಂದದ್ದು, 2024ರ ಆರ್ಥರ್ ಸಿ. ಕ್ಲಾರ್ಕ್ ಪ್ರಶಸ್ತಿಯ ಅಂತಿಮ ಪಟ್ಟಿಯವರೆಗೆ ಹೋಯಿತು. ಅದರಲ್ಲಿ ಬೆಂಗಳೂರು ಹೆಸರು ಬದಲಿಸಿಕೊಂಡು ಅಪೆಕ್ಸ್ ಸಿಟಿಯಾಗಿದೆ. ಜನರಿಗೆಲ್ಲ ಉತ್ಪಾದಕತೆಯ ಅಂಕ. ಮೇಲಿನ ಶೇಕಡ 20 ಮಂದಿಗೆ ಎಲ್ಲ ಸುಖ, ಕೆಳಗಿನ ಶೇಕಡ 10 ಮಂದಿ ತಂತ್ರಜ್ಞಾನವೇ ಇಲ್ಲದ ಹೊರಗಿನ ಜಗತ್ತಿಗೆ. ವೈಟ್‌ಫೀಲ್ಡಿನಲ್ಲಿ ಇದನ್ನು ವ್ಯಂಗ್ಯವೆಂದು ಓದುತ್ತಾರಂತೆ. ಟಾರ್ಗೆಟ್ ಪೀಸುಗಳನ್ನು ಗಂಟೆಗಂಟೆಗೆ ಬೋರ್ಡಿನ ಮೇಲೆ ಬರೆಯುವ ಗಾರ್ಮೆಂಟ್ಸ್‌ನಿಂದ ಮನೆಗೆ ಬಂದ ಲಗ್ಗೆರೆಯ ಓದುಗಿ "ಇದರಲ್ಲಿ ಭವಿಷ್ಯ ಯಾವುದು?" ಎಂದು ಕೇಳುತ್ತಾಳೆ. ವಿಮರ್ಶೆ ಅಷ್ಟೇ, ಆದರೆ ಕ್ಲಾರ್ಕ್ ಪ್ರಶಸ್ತಿಯ ತೀರ್ಪುಗಾರರಿಗೆ ಹೊಳೆಯದ್ದು.

ಗದ್ದಲ ಮಾಡುತ್ತಿದೆಯೆಂದು ಈ ವಿಭಾಗವನ್ನು ಸ್ವಿಚ್ ಆಫ್ ಮಾಡಬೇಡಿ. ಕನ್ನಡದಲ್ಲಿ ಪುಸ್ತಕ ಬಿಡುಗಡೆಗೆ ಬಂದವರೆಲ್ಲ ಹೊಗಳಿಯೇ ಹೋಗುತ್ತಾರೆ. ಶಾಲು ಹೊದಿಸಿದ ಮೇಲೆ "ನಾಲ್ಕನೇ ಅಧ್ಯಾಯದಲ್ಲಿ ಜ್ಯೋತಿರ್ವರ್ಷವನ್ನು ಕಾಲವೆಂದು ಎಣಿಸಿದ್ದೀರಿ, ಅದು ದೂರ ಸ್ವಾಮಿ" ಎನ್ನುವ ಬಾಯಿ ಯಾರಿಗಿದೆ? ಈ ಅಭಿಮಾನಿಗಿದೆ. ನಮ್ಮ ವಿಜ್ಞಾನ ಕಾದಂಬರಿಗೆ ಬರೆಯುವವರ ಕೊರತೆಗಿಂತ ಜಗಳವಾಡುವವರ ಕೊರತೆ ಜಾಸ್ತಿ. ಹೊಸ ಹುಡುಗರು ಬರೆಯುತ್ತಲೇ ಇದ್ದಾರೆ. ಅವರ ಪುಸ್ತಕಕ್ಕೆ ಸಿಗುವುದು ಮುಖಪುಟದ ಫೋಟೋ, ಅದರ ಕೆಳಗೆ ಮೂರು ಹೃದಯದ ಚಿಹ್ನೆ.

ಇಂಧನ

ಅಭಿಮಾನಿಯ ಇಂಧನ ಪುಸ್ತಕವೇ. ರಾಜಾಜಿನಗರದ ಆಕೃತಿ ಪುಸ್ತಕ ಮಳಿಗೆ ಹತ್ತಿರ. ಗಾಂಧಿ ಬಜಾರಿನ ಅಂಕಿತ, ಗಾಂಧಿನಗರದ ಸಪ್ನಾ, ಭಾನುವಾರದ ಅವೆನ್ಯೂ ರೋಡು. ಬಸ್ಸಿನಲ್ಲಿ ನಿಂತೇ ಹೋಗುವವರಿಗೆ ಮೈಲ್ಯಾಂಗ್ ಆ್ಯಪ್‌ನಲ್ಲಿ ಆಡಿಯೋ ಪುಸ್ತಕ. ಬಡಾವಣೆಯ ಗ್ರಂಥಾಲಯಕ್ಕೂ ಕಳಿಸಿ. ಆಸ್ತಿ ತೆರಿಗೆಯ ಜೊತೆ ನೀವು ಗ್ರಂಥಾಲಯ ಕರ ಕಟ್ಟುತ್ತಿದ್ದೀರಿ, ಅದರಲ್ಲಿ ಹಾರುವ ತಟ್ಟೆಯ ಒಂದು ಪುಸ್ತಕವನ್ನಾದರೂ ಕೊಂಡಿರಬೇಕು.

ಸಾಮಾನ್ಯ ತೊಂದರೆಗಳು

ಮಾತು ನಿಂತುಹೋಗಿದೆ: ಸರಣಿಯ ಕೊನೆಯ ಭಾಗ ಮುಗಿದಿದೆ, ಎರಡು ದಿನದಲ್ಲಿ ಸರಿಹೋಗುತ್ತದೆ. ಕೂಗಾಟ: ಯಾರೋ ಕ್ಲೈಮ್ಯಾಕ್ಸ್ ಹೇಳಿಬಿಟ್ಟಿದ್ದಾರೆ, ಹೇಳಿದವರನ್ನು ದೂರವಿಡಿ. ಸಿನಿಮಾದಲ್ಲಿ ಬಾಹ್ಯಾಕಾಶದಲ್ಲಿ ಸ್ಫೋಟದ ಸದ್ದು ಬಂದಾಗ ಗೊಣಗುವುದು ದೋಷವಲ್ಲ, ಕಾರ್ಖಾನೆಯಲ್ಲೇ ಅಳವಡಿಸಿದ್ದು. ಮದುವೆ ಮಾತುಕತೆಯಲ್ಲಿ ಗಂಡಿನ ಕಡೆಯವರ ಎದುರು ಗೊಣಗಿದರೆ ಮಾತ್ರ ಕಾಫಿ ಕೊಡಿ.

ಇದು ದುರಸ್ತಿಯಾಗುವುದಿಲ್ಲ

ಒಂದು ಹಂತ ದಾಟಿದ ಮೇಲೆ ಅಭಿಮಾನಿ ಬರೆಯತೊಡಗುತ್ತಾರೆ. ಲಕ್ಷಣ: ಎರಡನೇ ಶಿಫ್ಟಿನಿಂದ ಬಂದು ಮಲಗುವುದಿಲ್ಲ, ಇನ್‌ಸ್ಪೆಕ್ಷನ್ ರಿಪೋರ್ಟಿನ ಹಿಂಬದಿಯಲ್ಲಿ ಗ್ರಹಗಳ ಹೆಸರು. ಗಾಬರಿಯಾಗಬೇಡಿ. ಚೀನಾದ ಲಿಯು ತ್ಸಿಶಿನ್ ವಿದ್ಯುತ್ ಸ್ಥಾವರವೊಂದರಲ್ಲಿ ಕಂಪ್ಯೂಟರ್ ಎಂಜಿನಿಯರ್ ಆಗಿ ದುಡಿಯುತ್ತಲೇ 'ಮೂರು ಕಾಯಗಳ ಸಮಸ್ಯೆ' ಬರೆದರು. 2006ರಲ್ಲಿ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದದ್ದು, ಇಂಗ್ಲಿಷಿಗೆ ಹೋಗಿ 2015ರಲ್ಲಿ ಹ್ಯೂಗೋ ಗೆದ್ದಿತು. ಅಲ್ಲಿಯ ಪತ್ರಿಕೆಗಳು ಇಂಥದ್ದನ್ನು ವರ್ಷಗಟ್ಟಲೆ ಅಚ್ಚು ಹಾಕಿದ್ದವು, ಓದುಗರು ವರ್ಷಗಟ್ಟಲೆ ಬೈದಿದ್ದರು. ಪೀಣ್ಯದಲ್ಲಿ ಯಂತ್ರಕ್ಕೇನೂ ಕಡಿಮೆಯಿಲ್ಲ, ಕೇಳುವ ಕಿವಿ ಬೇಕು.

ಆದ್ದರಿಂದ ಮೊದಲ ಅಧ್ಯಾಯ ಓದಿ ಹೇಳಿದಾಗ "ಚೆನ್ನಾಗಿದೆ" ಎನ್ನಬೇಡಿ. ಎಲ್ಲಿ ಆಕಳಿಕೆ ಬಂತು, ಎಲ್ಲಿ ಅರ್ಥವಾಗಲಿಲ್ಲ, ನೌಕೆಯಲ್ಲಿ ಅಡುಗೆ ಯಾರು ಮಾಡುತ್ತಾರೆ, ಎಲ್ಲ ಕೇಳಿ. ಎರಡು ದಿನ ಮುನಿಸಿಕೊಂಡು ಮೂರನೇ ದಿನ ತಿದ್ದಿ ತರುತ್ತಾರೆ. ಬಾಡಿಗೆಗೆ ಕೊಟ್ಟ ಮಾಲೀಕರಿಗೆ ಮಾತ್ರ ಒಂದು ವಿಶೇಷ ಸೂಚನೆ: ಕಥೆಯಲ್ಲಿ ಅನ್ಯಗ್ರಹದವನು ಪ್ರತಿ ತಿಂಗಳು ಐದನೇ ತಾರೀಕು ಮೆಟ್ಟಿಲು ಹತ್ತಿ ಬರುತ್ತಿದ್ದರೆ, ಅಡ್ವಾನ್ಸ್ ಹೆಚ್ಚಿಸುವ ಮಾತನ್ನು ಸದ್ಯಕ್ಕೆ ಎತ್ತಬೇಡಿ. ಅವನನ್ನು ಏನು ಮಾಡಬೇಕೆಂದು ಇನ್ನೂ ತೀರ್ಮಾನವಾಗಿಲ್ಲ.